ತಾತನ ವಸಡಿನ ಜೇಬಿನಲ್ಲಿ ಔಷಧಿಯ ದಾರ

ತಿಪಟೂರು ಕಡೆಯ ಹಳ್ಳಿಯೊಂದರಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಎರಡು ಪುಟ ತುಂಬ ಕಾಗದ ಬರೆದಿದ್ದಾಳೆ. ಅಕ್ಷರ ದುಂಡಗಿದೆ, ಪ್ರಶ್ನೆಗಳು ಮೊನಚಾಗಿವೆ. ಅವಳ ಮಾತಿನಲ್ಲೇ ಸ್ವಲ್ಪ ಕೇಳಿ:

“ನಮ್ಮ ತಾತನಿಗೆ 68 ವರ್ಷ. ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಶುಗರ್ ಇದೆ. ಒಂದು ವರ್ಷದಿಂದ ವಸಡಿನಲ್ಲಿ ರಕ್ತ, ಬಾಯಿ ವಾಸನೆ. ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದೆವು. ಮೂರು ಸಲ ಕ್ಲೀನ್ ಮಾಡಿದರು. ಎಲ್ಲ ಕಡೆ ವಾಸಿಯಾಯಿತು, ಕೆಳಗಿನ ಎರಡು ದವಡೆ ಹಲ್ಲಿನ ಹತ್ತಿರ ಮಾತ್ರ ಆಗಲಿಲ್ಲ. ಹೋದ ವಾರ ಅಲ್ಲಿಗೆ ಹಳದಿ ದಾರದ ಥರ ಏನೋ ಔಷಧಿ ಇಟ್ಟು ಕಳಿಸಿದ್ದಾರೆ. ‘ಈ ಔಷಧಿ ಮೊದಲೇ ಇಟ್ಟಿದ್ದರೆ ಅಷ್ಟು ದಿನ ಕರಕರ ಕೆರೆಯೋದು ತಪ್ಪುತ್ತಿತ್ತಲ್ಲ’ ಅಂತ ತಾತ ರೇಗುತ್ತಾರೆ. ಇದಕ್ಕೂ ಬಗ್ಗದಿದ್ದರೆ ಎರಡನ್ನೂ ಕೀಳಿಸಿಬಿಡ್ತೀನಿ ಅಂತಾರೆ. ಆ ದಾರ ಏತರಿಂದ ಮಾಡಿದ್ದು ಅಂತ ಅಜ್ಜಿ ಕೇಳೋಕೆ ಹೇಳಿದ್ದಾರೆ. ನನಗೂ ಬ್ರಷ್ ಮಾಡುವಾಗ ರಕ್ತ ಬರುತ್ತೆ. ನನಗೂ ಅದನ್ನು ಇಡಿಸಬಹುದಾ ಡಾಕ್ಟರ್?”

ಮೂವತ್ತು ವರ್ಷ ವಸಡಿನ ಕೆಲಸವನ್ನೇ ಮಾಡಿದವನು ನಾನು. ತಾತ ಕೇಳಿದ ಪ್ರಶ್ನೆಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರ ಜೊತೆ ಉದ್ದಕ್ಕೆ ಮಾತನಾಡಲು ಆಗುವುದಿಲ್ಲ. ಅವರು ತಿರುಗಿ ವಾದ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲವಲ್ಲ. ಇಲ್ಲಿ ನಿಧಾನವಾಗಿ ಹೇಳಬಹುದು.

ಮೊದಲು ಜೇಬಿನ ವಿಷಯ. ವಸಡು ಹಲ್ಲಿಗೆ ತುದಿಯವರೆಗೂ ಅಂಟಿಕೊಂಡಿದೆ ಎಂದು ನಾವು ತಿಳಿದಿರುತ್ತೇವೆ. ಹಾಗಿಲ್ಲ. ಅಂಗಿಯ ಕಾಲರು ಕತ್ತನ್ನು ಸುತ್ತುವ ಹಾಗೆ ವಸಡಿನ ಅಂಚು ಹಲ್ಲನ್ನು ಸುತ್ತಿಕೊಂಡಿರುತ್ತದೆ, ನಡುವೆ ಕಣ್ಣಿಗೆ ಕಾಣದ ಒಂದು ಸಂದು ಇರುತ್ತದೆ. ಗಟ್ಟಿಮುಟ್ಟಾದ ವಸಡಿನಲ್ಲಿ ಈ ಸಂದಿನ ಆಳ 1ರಿಂದ 3 ಮಿಲಿಮೀಟರ್. ಅಲ್ಲಿ ಪಾಚಿ ಕೂತು, ವಸಡು ಊದಿ, ಒಳಗಿನ ಅಂಟು ಬಿಟ್ಟುಕೊಳ್ಳುತ್ತಾ ಹೋದರೆ ಸಂದು 4, 5, 6 ಮಿಲಿಮೀಟರ್ ಆಗುತ್ತದೆ. ಹಲ್ಲನ್ನು ಹಿಡಿದ ಮೂಳೆಯೂ ಕರಗುತ್ತಾ ಕೆಳಗೆ ಇಳಿಯುತ್ತದೆ. ಇದಕ್ಕೆ ನಾವು ಪಾಕೆಟ್ ಎನ್ನುತ್ತೇವೆ. ಜೇಬು ಅಂತಲೇ ಇಟ್ಟುಕೊಳ್ಳೋಣ. ಅಂಗಿಯ ಜೇಬು ಆಳವಿದ್ದಷ್ಟೂ ಒಳ್ಳೆಯದು, ವಸಡಿನ ಜೇಬು ಆಳವಾದಷ್ಟೂ ಕಷ್ಟ. ನಮ್ಮ ಬ್ರಷ್ಷು ಎಷ್ಟೇ ಒಳ್ಳೆಯದಿರಲಿ, 5–6 ಮಿಲಿಮೀಟರ್ ಆಳಕ್ಕೆ ಇಳಿಯುವುದಿಲ್ಲ. ಉಪ್ಪುನೀರು ಮುಕ್ಕಳಿಸಿದರೆ ಹಿತವೆನಿಸುತ್ತದೆ ನಿಜ, ಆದರೆ ಅದೂ ಜೇಬಿನ ತಳ ಮುಟ್ಟುವುದಿಲ್ಲ.

ಮಕ್ಕಳೇ, ಈ ಜೇಬನ್ನು ಅಳೆಯಲು ನಮ್ಮ ಬಳಿ ಒಂದು ಪುಟ್ಟ ಕಡ್ಡಿ ಇದೆ. ತುದಿ ಮೊಂಡಾಗಿರುತ್ತದೆ, ಮೇಲೆ ಸ್ಕೇಲಿನ ಹಾಗೆ ಮಿಲಿಮೀಟರ್ ಗೆರೆಗಳಿರುತ್ತವೆ. ಒಂದೊಂದು ಹಲ್ಲಿನ ಸುತ್ತ ಆರು ಕಡೆ ಅಳೆಯುತ್ತೇವೆ. 28 ಹಲ್ಲಿದ್ದರೆ ಎಷ್ಟು ಅಂಕಿ ಬರೆಯಬೇಕು, ನೀವೇ ಗುಣಿಸಿ ನೋಡಿ. ಬಾಯಲ್ಲಿ ಇಷ್ಟೊಂದು ಲೆಕ್ಕ ಇದೆಯಾ ಅನ್ನಿಸಬಹುದು. ಆ ಲೆಕ್ಕ ಇಲ್ಲದೆ ಯಾವ ಜೇಬಿಗೆ ಔಷಧಿ ಬೇಕು, ಯಾವುದಕ್ಕೆ ಬೇಡ ಎಂದು ಹೇಳಲು ಬರುವುದಿಲ್ಲ.

ಇನ್ನು ತಾತ ರೇಗಿದ ವಿಷಯ. ಮೊದಲೇ ಔಷಧಿ ಇಟ್ಟಿದ್ದರೆ ಆಗುತ್ತಿರಲಿಲ್ಲವೇ?

ಇದಕ್ಕೆ ಉತ್ತರ ಮುನ್ನೂರು ವರ್ಷಕ್ಕೂ ಹಳೆಯದು. ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದ. ಬಟ್ಟೆಯ ಅಂಗಡಿ ನಡೆಸುತ್ತಲೇ ತಾನೇ ಮಸೂರ ತಿಕ್ಕಿ ಸೂಕ್ಷ್ಮದರ್ಶಕ ಮಾಡಿಕೊಂಡು ಕಂಡದ್ದನ್ನೆಲ್ಲ ಅದರಡಿ ಇಟ್ಟು ನೋಡುವುದು ಅವನ ಹುಚ್ಚು. 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ಕೆದರಿ ನೀರಿನಲ್ಲಿ ಕಲಸಿ ನೋಡಿದ. ಪುಟ್ಟ ಪುಟ್ಟ ಜೀವಿಗಳು ಓಡಾಡುತ್ತಿದ್ದವು. ಹುಟ್ಟಿದಾಗಿನಿಂದ ಹಲ್ಲನ್ನೇ ಉಜ್ಜದ ಮುದುಕನೊಬ್ಬನ ಬಾಯಿಂದಲೂ ತೆಗೆದು ನೋಡಿದ. ಅಲ್ಲಿಯೂ ಜಾತ್ರೆ! ಇದನ್ನೆಲ್ಲ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದದಲ್ಲಿ ಬರೆದ. ಇಷ್ಟು ಕಥೆ ಶಾಲೆಯ ಪುಸ್ತಕದಲ್ಲಿ ಬರಬಹುದು. ನನಗೆ ಹೆಚ್ಚು ಇಷ್ಟವಾದದ್ದು ಮುಂದಿನ ಭಾಗ. ಅವನು ಗಡುಸಾದ ವಿನೆಗರ್ ಬಾಯಿಗೆ ಹಾಕಿಕೊಂಡು ಹಲ್ಲಿನ ಸಂದಿಗಳಲ್ಲಿ ಹರಿಸಿ ಮುಕ್ಕಳಿಸಿದ. ಆಮೇಲೆ ಪಾಚಿ ತೆಗೆದು ನೋಡಿದರೆ ಜೀವಿಗಳು ಇನ್ನೂ ಬದುಕಿದ್ದವು. ಅದೇ ವಿನೆಗರನ್ನು, ಬಾಯಿಂದ ಹೊರಗೆ ತೆಗೆದು ಕೆದರಿದ ಪಾಚಿಗೆ ಬೆರೆಸಿದರೆ ಮಾತ್ರ ಸತ್ತವು! ಔಷಧಿ ಪಾಚಿಯ ಮೇಲ್ಪದರವನ್ನಷ್ಟೇ ಮುಟ್ಟಿತು, ಒಳಗೆ ಇಳಿಯಲಿಲ್ಲ ಎಂದು ಅವನು ಸರಿಯಾಗಿಯೇ ಊಹಿಸಿದ.

ಇಂದು ನಾವು ಆ ಪಾಚಿಗೆ ಬಯೋಫಿಲ್ಮ್ ಎನ್ನುತ್ತೇವೆ. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು, ತಮ್ಮ ಸುತ್ತ ಲೋಳೆಯ ಗೋಡೆ ಕಟ್ಟಿಕೊಂಡು ಊರು ಮಾಡಿಕೊಂಡಿರುತ್ತವೆ. ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾ ಸಾಯಲು ಎಷ್ಟು ಔಷಧಿ ಬೇಕೋ ಅಷ್ಟು ಈ ಊರಿನೊಳಗಿನವಕ್ಕೆ ಏನೇನೂ ಸಾಲದು. ಹಳೆಯ ಪಾಚಿ ಜೊಲ್ಲಿನ ಹಾಗೂ ವಸಡಿನ ರಸದ ಸುಣ್ಣ ಹೀರಿ ಗಾರೆಯಂತೆ ಗಟ್ಟಿಯಾದ ಮೇಲಂತೂ ಕೇಳುವುದೇ ಬೇಡ. ಮೊದಲು ಆ ಊರನ್ನು ಕೆಡವಬೇಕು. ಅದನ್ನೇ ತಾತ ಕರಕರ ಎಂದದ್ದು. ಹಲ್ಲಿನ ಮೇಲಿನ ಗಾರೆ ತೆಗೆಯುವುದು ಸ್ಕೇಲಿಂಗ್, ವಸಡಿನ ಕೆಳಗೆ ಇಳಿದು ಬೇರಿನ ಮೈ ನಯ ಮಾಡುವುದು ರೂಟ್ ಪ್ಲೇನಿಂಗ್.

ಯಜಮಾನರೇ, ಇದು ನಿಮಗೆ ಹೊಸ ವಿಷಯವೇನಲ್ಲ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಬಿದ್ದಾಗ ನೀವು ಏನು ಮಾಡುತ್ತೀರಿ? ಮರ ಹತ್ತಿಸಿ ಕಬ್ಬಿಣದ ಕೊಕ್ಕೆಯಿಂದ ದುಂಬಿಯನ್ನು ಎಳೆದು ತೆಗೆಸುತ್ತೀರಿ. ಆಮೇಲೆ ಗರಿಯ ಬುಡದ ಸಂದಿಗೆ ಬೇವಿನ ಹಿಂಡಿ, ಮರಳು ಬೆರೆಸಿ ತುಂಬಿಸುತ್ತೀರಿ. ದುಂಬಿ ಒಳಗೇ ಇರುವಾಗ ಮೇಲೆ ಹಿಂಡಿ ಸುರಿದು ಇಳಿದು ಬಂದ ಆಳಿಗೆ ನೀವು ಕೂಲಿ ಕೊಡುತ್ತೀರಾ? ನಿಮ್ಮ ವಸಡಿನ ಡಾಕ್ಟರೂ ಕೊಕ್ಕೆಯ ಕೆಲಸ ಮುಗಿಸಿಯೇ ಹಿಂಡಿ ತುಂಬಿದ್ದಾರೆ.

ಹಾಗಾದರೆ ಎಲ್ಲ ಹಲ್ಲೂ ಕೇಳಿದಾಗ ಆ ಎರಡು ಮಾತ್ರ ಯಾಕೆ ಕೇಳಲಿಲ್ಲ? ಕೆಳದವಡೆಯ ದೊಡ್ಡ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು. ಬೇರು ಕವಲೊಡೆಯುವ ಜಾಗ ಒಂದಿದೆ. ಜೇಬು ಅಲ್ಲಿಯವರೆಗೆ ಇಳಿದರೆ ಪಾಚಿ ಕವಲಿನೊಳಗೆ ಹೋಗಿ ಕೂರುತ್ತದೆ. ಆ ಕವಲಿನ ಬಾಯಿ ಎಷ್ಟೋ ಸಲ ನಮ್ಮ ಉಪಕರಣದ ಅಲಗಿಗಿಂತ ಕಿರಿದಾಗಿರುತ್ತದೆ. ಪಾತ್ರೆಯ ಕಿವಿಯ ಸಂದಿಯಲ್ಲಿ ಜಿಡ್ಡು ಉಳಿಯುವುದಿಲ್ಲವೇ, ಹಾಗೆ. ತಾತನ ಹಲ್ಲಿನಲ್ಲಿ ಹೀಗೇ ಆಗಿದೆ ಎಂದು ನಾನು ನೋಡದೆ ಹೇಳಲಾರೆ. ಆದರೆ ದವಡೆ ಹಲ್ಲು ಹಟ ಹಿಡಿದಾಗ ನಾವು ಮೊದಲು ಅನುಮಾನಿಸುವುದು ಅದನ್ನೇ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೂ ವಸಡು ಮಾಯುವುದು ತಡ. ಬೀಡಿ, ಕಡ್ಡಿಪುಡಿಯ ಅಭ್ಯಾಸ ಇದ್ದರೆ ಇನ್ನೂ ತಡ. ಕಾಗದದಲ್ಲಿ ಮೊಮ್ಮಗಳು ಕಡ್ಡಿಪುಡಿಯ ಬಗ್ಗೆ ಏನೂ ಬರೆದಿಲ್ಲ. ಬರೆಯಬೇಡ ಎಂದು ಯಾರೂ ಹೇಳಿಲ್ಲ ಅಂದುಕೊಳ್ಳುತ್ತೇನೆ.

ಒಮ್ಮೆ ಸ್ವಚ್ಛ ಮಾಡಿ ಒಂದೂವರೆಯಿಂದ ಮೂರು ತಿಂಗಳು ಬಿಟ್ಟು ಮತ್ತೆ ಅಳೆಯುತ್ತೇವೆ. ಒಂದೆರಡು ಕಡೆ ಜೇಬು 5 ಮಿಲಿಮೀಟರ್ ಅಥವಾ ಹೆಚ್ಚು ಉಳಿದು, ಕಡ್ಡಿ ಇಟ್ಟರೆ ರಕ್ತ ಬರುತ್ತಿದ್ದರೆ ಅಲ್ಲಿ ಇನ್ನೊಮ್ಮೆ ಸ್ವಚ್ಛ ಮಾಡಿ, ಜೇಬಿನೊಳಕ್ಕೇ ಆ್ಯಂಟಿಬಯಾಟಿಕ್ ಇಡುವ ದಾರಿ ಇದೆ.

“ಮಾತ್ರೆ ಕೊಟ್ಟರೆ ಆಗದೇ?” ಎಂದು ಅಜ್ಜಿಯರು ಕೇಳುತ್ತಾರೆ. ಟೆಟ್ರಾಸೈಕ್ಲಿನ್ ಮಾತ್ರೆ ನುಂಗುವುದಾದರೆ 250 ಮಿಲಿಗ್ರಾಂನದು ದಿನಕ್ಕೆ ನಾಲ್ಕು ಸಲ, ಅಂದರೆ ದಿನಕ್ಕೆ 1000 ಮಿಲಿಗ್ರಾಂ, ಅದೂ ಹಲವು ದಿನ. ಅದು ಹೊಟ್ಟೆ, ಕರುಳು, ರಕ್ತ ಎಲ್ಲ ಸುತ್ತಿ ಕಡೆಗೆ ವಸಡಿಗೆ ಬರುವುದು ಚೂರೇ ಚೂರು. ದಾರದಲ್ಲಿ ಇರುವುದು ಬರೀ 2 ಮಿಲಿಗ್ರಾಂ ಆಸುಪಾಸು. ಆದರೂ ಇಂಥ ದಾರ ಇಟ್ಟ ಜೇಬಿನ ರಸದಲ್ಲಿ ಔಷಧಿಯ ಸಾಂದ್ರತೆ, ಮಾತ್ರೆಯಿಂದ ಸಿಗುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚಿಗೆ ಏರಬಲ್ಲದು. ಹೊಟ್ಟೆ ಕೆಡುವ ತಾಪತ್ರಯವೂ ಕಡಿಮೆ. ಎರಡು ಮರಕ್ಕೆ ಹುಳ ಬಿದ್ದರೆ ತೋಟಕ್ಕೆಲ್ಲ ಔಷಧಿ ಹೊಡೆಸುವವರು ಉಂಟೇ?

ಇದರಲ್ಲಿ ಒಂದು ತೊಡಕಿದೆ, ಅದನ್ನು ಬಿಡಿಸಿದ್ದೇ ಸ್ವಾರಸ್ಯ. ವಸಡಿನ ಜೇಬು ಸುಮ್ಮನೆ ಇರುವ ಜೇಬಲ್ಲ, ಒರತೆ. ತಳದಿಂದ ತೆಳ್ಳನೆಯ ರಸ ಜಿನುಗಿ ಮೇಲಕ್ಕೆ ಬರುತ್ತಲೇ ಇರುತ್ತದೆ. 5 ಮಿಲಿಮೀಟರ್ ಜೇಬಿನ ರಸ ಗಂಟೆಗೆ ಸುಮಾರು 40 ಸಲ ಬದಲಾಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಅಲ್ಲಿಗೆ ನೀರಿನಂಥ ಔಷಧಿ ಬಿಟ್ಟರೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೊಚ್ಚಿಕೊಂಡು ಹೋಗಿರುತ್ತದೆ. ಅಲ್ಲೇ ಕೂತು ಹನಿ ಹನಿಯಾಗಿ ಬಿಡುವ ಏರ್ಪಾಡು ಬೇಕಿತ್ತು. ನಿಮ್ಮ ತೋಟದ ಹನಿ ನೀರಾವರಿಯ ಹಾಗೆ. 1979ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮ್ಯಾಕ್ಸ್ ಗುಡ್ಸನ್ ಮತ್ತು ಅವರ ಜೊತೆಗಾರರು ಟೊಳ್ಳು ಎಳೆಗಳಿಗೆ ಟೆಟ್ರಾಸೈಕ್ಲಿನ್ ತುಂಬಿ ಜೇಬಿನಲ್ಲಿಟ್ಟು ತೋರಿಸಿದರು. 1994ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಪಡೆದ ದಾರ 23 ಸೆಂಟಿಮೀಟರ್ ಉದ್ದವಿತ್ತು. ಹಲ್ಲಿನ ಸುತ್ತ ಮಡಿಚಿ ಮಡಿಚಿ ಸೇರಿಸಬೇಕು, ಅದು ಕರಗುತ್ತಿರಲಿಲ್ಲವಾದ್ದರಿಂದ ಹತ್ತು ದಿನಕ್ಕೆ ಮತ್ತೆ ಬಿಚ್ಚಿ ತೆಗೆಯಬೇಕು. ರೋಗಿಗೂ ಬೇಸರ, ಡಾಕ್ಟರಿಗೂ ಬೇಸರ. ಆಮೇಲೆ ತಾನಾಗಿ ಕರಗುವ ಬಗೆಗಳು ಬಂದವು: ಜೇಬಿನೊಳಗೆ ಹೋಗಿ ಗಟ್ಟಿಯಾಗುವ ಡಾಕ್ಸಿಸೈಕ್ಲಿನ್ ಜೆಲ್, ಪುಡಿಯಂತಿರುವ ಮಿನೋಸೈಕ್ಲಿನ್ ಕಣಗಳು. ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದ ಪುಟ್ಟ ಬಿಲ್ಲೆಯೂ ಇದೆ. ಅದು ಆ್ಯಂಟಿಬಯಾಟಿಕ್ ಅಲ್ಲ, ಕೆಲಸ ಮಾತ್ರ ಹತ್ತಿರ ಹತ್ತಿರ ಅದೇ.

ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಕೊಲಾಜೆನ್ ಎಳೆಗೆ ಟೆಟ್ರಾಸೈಕ್ಲಿನ್ ಹಿಡಿಸಿದ ದಾರ. ಚೆನ್ನೈನಲ್ಲೇ ತಯಾರಾಗುತ್ತದೆ. ತಾತನಿಗೆ ಇಟ್ಟಿರುವ ಹಳದಿ ದಾರವೂ ಇದೇ ಇರಬೇಕು. ತಾನೇ ಕರಗುತ್ತದೆ, ಬಿಚ್ಚಿಸಲು ಹೋಗಬೇಕಿಲ್ಲ.

ಈಗ ಅಜ್ಜಿಯ ಪ್ರಶ್ನೆ. ಕೇಳಿದ್ದು ಬಹಳ ಒಳ್ಳೆಯದಾಯಿತು, ಅನೇಕರು ಸಂಕೋಚದಿಂದ ಕೇಳುವುದೇ ಇಲ್ಲ. ಕೊಲಾಜೆನ್ ಗಿಡದಲ್ಲಿ ಸಿಗುವ ವಸ್ತುವಲ್ಲ. ಪ್ರಾಣಿಗಳಿಂದ ಅಥವಾ ಮೀನಿನಿಂದ ತೆಗೆಯುತ್ತಾರೆ. ಕೆಲವು ಕ್ಲೋರ್‌ಹೆಕ್ಸಿಡಿನ್ ಬಿಲ್ಲೆಗಳೂ ಮೀನಿನ ಕೊಲಾಜೆನ್‌ನಿಂದ ಆದವು. ಮನೆಯಲ್ಲಿ ಇದು ಒಪ್ಪಿಗೆಯಿಲ್ಲ ಎಂದಾದರೆ ಇಡುವ ಮುಂಚೆಯೇ ಡಾಕ್ಟರಿಗೆ ಹೇಳಿ. ಕೃತಕ ಪಾಲಿಮರಿನಲ್ಲಿ ಬೆರೆಸಿದ ಜೆಲ್ ಅಥವಾ ಪುಡಿ ಸಿಗುತ್ತದೆಯೇ ಎಂದು ಅವರು ನೋಡುತ್ತಾರೆ. ಯಾವ ಡಾಕ್ಟರೂ ಇದಕ್ಕೆ ನಗಬಾರದು. ಇನ್ನೊಂದು ಮಾತು: ನಾವು ನುಂಗುವ ಬಹುಪಾಲು ಕ್ಯಾಪ್ಸೂಲ್‌ಗಳ ಹೊರಕವಚ ಜೆಲಾಟಿನ್, ಅದೂ ಇದೇ ಕುಲದ್ದು. ಈ ಮಾತು ಹೇಳಿದ ಮೇಲೆ ನಮ್ಮ ಮನೆಯಲ್ಲೇ ಒಬ್ಬರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಔಷಧಿಯ ಹೆಸರು ಬಂದಿದ್ದರಿಂದ ಅದರ ಹುಟ್ಟಿನ ಕಥೆಯನ್ನೂ ಹೇಳಿಬಿಡುತ್ತೇನೆ, ತಾತಂದಿರಿಗೆ ಇಷ್ಟವಾಗುತ್ತದೆ. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧಿಯನ್ನು ಕಂಡುಹಿಡಿದವರು ಬೆಂಜಮಿನ್ ಡಗ್ಗರ್. ವಿಶ್ವವಿದ್ಯಾಲಯದಿಂದ ನಿವೃತ್ತರಾದ ಮೇಲೆ ಲೆಡರ್ಲೆ ಔಷಧಿ ಕಂಪನಿಗೆ ಸೇರಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಊರೂರ ಮಣ್ಣು ತರಿಸಿ ಹುಡುಕುತ್ತಿದ್ದರು. ಮಿಸೌರಿಯ ಒಂದು ಹೊಲದ ಮಣ್ಣಿನಲ್ಲಿ ಹೊಂಬಣ್ಣದ ಸೂಕ್ಷ್ಮಜೀವಿಯೊಂದು ಸಿಕ್ಕಿತು. ಅದರಿಂದ ಬಂದ ಔಷಧಿ 1948ರಲ್ಲಿ ಲೋಕಕ್ಕೆ ತಿಳಿಯಿತು. ಆ ಕಂಪನಿಯ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮಣ್ಣಿನಲ್ಲಿ ಸಿಕ್ಕ ಆ ಹಳದಿಯೇ ತಿಪಟೂರಿನ ತಾತನ ಬಾಯಿಗೂ ಬಂದು ಸೇರಿದೆ.

ಇನ್ನು ಇದರಿಂದ ಎಷ್ಟು ಪ್ರಯೋಜನ? ಉಬ್ಬಿಸಿ ಹೇಳುವುದು ನನಗೆ ಇಷ್ಟವಿಲ್ಲ. ಬರೀ ಸ್ವಚ್ಛ ಮಾಡಿದ್ದಕ್ಕೆ ಹೋಲಿಸಿದರೆ, ಔಷಧಿಯನ್ನೂ ಇಟ್ಟಾಗ ಸಿಗುವ ಹೆಚ್ಚುವರಿ ಲಾಭ ಸರಾಸರಿ ಅರ್ಧ ಮಿಲಿಮೀಟರ್ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕಡಿಮೆ. ಅರ್ಧ ಮಿಲಿಮೀಟರಿಗೆ ಇಷ್ಟೆಲ್ಲ ರಾಮಾಯಣವೇ ಎನ್ನಬಹುದು. ಸರಾಸರಿ ಎಂದ ಮೇಲೆ ಕೆಲವರಿಗೆ ಹೆಚ್ಚು ಸಿಗುತ್ತದೆ, ಕೆಲವರಿಗೆ ಏನೂ ಸಿಗುವುದಿಲ್ಲ. ಆದರೆ 5ರ ಜೇಬು 4ಕ್ಕೆ ಬಂದು ರಕ್ತ ನಿಂತರೆ ಅದನ್ನು ಮನೆಯ ಬ್ರಷ್ಷು ಮತ್ತು ಮೂರು ತಿಂಗಳ ತಪಾಸಣೆಯಿಂದ ಕಾಪಾಡಿಕೊಂಡು ಹೋಗಬಹುದು. 6ರಲ್ಲೇ ನಿಂತರೆ ವಸಡು ಬಿಡಿಸಿ ಮಾಡುವ ಆಪರೇಷನ್ ಮಾತು ಬರುತ್ತದೆ. ಒಂದೆರಡು ಹಲ್ಲಿನ ಹಟಕ್ಕೆ ಈ ದಾರ ಸರಿ. ಬಾಯಿ ತುಂಬ ಆಳದ ಜೇಬುಗಳಿದ್ದರೆ ಎಲ್ಲಕ್ಕೂ ದಾರ ಇಡಿಸುತ್ತಾ ಕೂರುವುದು ನನ್ನ ಮಟ್ಟಿಗೆ ದುಡ್ಡು ದಂಡ. ಅಲ್ಲಾಡಿ ಜೋತು ಬಿದ್ದ ಹಲ್ಲನ್ನು ಇದು ಗಟ್ಟಿ ಮಾಡುವುದಿಲ್ಲ, ಕರಗಿದ ಮೂಳೆಯನ್ನು ಬೆಳೆಸುವುದೂ ಇಲ್ಲ.

ತಾತ ಈಗ ಮಾಡಬೇಕಾದ್ದು ಇಷ್ಟು. ಒಂದು ವಾರ, ಹತ್ತು ದಿನ ಆ ಜಾಗಕ್ಕೆ ಬ್ರಷ್, ಕಡ್ಡಿ, ನಾಲಿಗೆಯ ತುದಿ ಯಾವುದೂ ತಾಗಬಾರದು. ಬಾಕಿ ಹಲ್ಲು ಎಂದಿನಂತೆ ಉಜ್ಜಬೇಕು. ಆ ಕಡೆಯಿಂದ ಚಕ್ಕುಲಿ, ಕೋಡುಬಳೆ ಅಗಿಯಬಾರದು. ತಿಪಟೂರಿನವರಿಗೆ ಕೊಬ್ಬರಿ ಬಿಡಿ ಎನ್ನಲು ನನಗೇ ಸಂಕಟ, ಆದರೂ ಹತ್ತು ದಿನ ಬಿಡಿ. ದಾರ ಬಿದ್ದುಹೋದರೆ, ವಸಡು ಊದಿದರೆ, ಮೈಮೇಲೆ ಗಂಧೆ ಎದ್ದರೆ ತಡಮಾಡದೆ ತೋರಿಸಿ. ಶುಗರ್ ಪರೀಕ್ಷೆಯ ಚೀಟಿಯನ್ನು ಹಲ್ಲಿನ ಡಾಕ್ಟರಿಗೂ ಕೊಡಿ. ವಸಡು ವಾಸಿಯಾದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ಸ್ವಲ್ಪ ಇಳಿಯುವುದೂ ಉಂಟು. ಮತ್ತೆ ದಯವಿಟ್ಟು, ಮೆಡಿಕಲ್ ಸ್ಟೋರಿನಿಂದ ಕ್ಯಾಪ್ಸೂಲ್ ತಂದು ಬಿಚ್ಚಿ ಪುಡಿಯನ್ನು ವಸಡಿಗೆ ತಿಕ್ಕುವ ಕೆಲಸ ಯಾರೂ ಮಾಡಬೇಡಿ. ಅದು ಜೇಬಿಗೆ ಇಳಿಯುವುದಿಲ್ಲ, ವಸಡನ್ನು ಸುಡಬಹುದು, ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ.

ಎರಡೂ ಕೀಳಿಸುವ ಮಾತು ಈಗ ಬೇಡ ಯಜಮಾನರೇ. ಕೆಳಗಿನ ದವಡೆ ಹಲ್ಲು ಹೋದರೆ ಅದರ ಎದುರಿನ ಮೇಲಿನ ಹಲ್ಲಿಗೂ ಅಗಿಯಲು ಜೋಡಿ ಇರುವುದಿಲ್ಲ. ರಾಗಿ ಮುದ್ದೆ ನುಂಗಬಹುದು, ಅವರೆಕಾಳು ಅಗಿಯಬೇಕಲ್ಲ.

ಕಾಗದ ಬರೆದ ಪುಟ್ಟಿಗೆ: ಬ್ರಷ್ ಮಾಡುವಾಗ ನಿನಗೆ ಬರುವ ರಕ್ತಕ್ಕೆ ಈ ದಾರ ಬೇಡ. ನಿನ್ನ ವಯಸ್ಸಿನಲ್ಲಿ ಅದು ಹೆಚ್ಚಾಗಿ ವಸಡಿನ ಅಂಚಿನ ಊತವಷ್ಟೇ, ಮೂಳೆಯವರೆಗೆ ಹೋಗಿರುವುದಿಲ್ಲ. ರಕ್ತ ಬರುತ್ತದೆ ಎಂದು ಹೆದರಿ ಆ ಜಾಗ ಬಿಟ್ಟು ಉಜ್ಜುತ್ತೀಯಲ್ಲ, ಅಲ್ಲೇ ಪಾಚಿ ಉಳಿಯುತ್ತದೆ. ಮೆತ್ತನೆಯ ಬ್ರಷ್ ತೆಗೆದುಕೊಂಡು, ಹಲ್ಲು–ವಸಡು ಸೇರುವ ಗೆರೆಯ ಮೇಲೆ ಓರೆಯಾಗಿ ಇಟ್ಟು, ಬೆಳಿಗ್ಗೆ ಮತ್ತು ರಾತ್ರಿ ಎರಡೆರಡು ನಿಮಿಷ ನಿಧಾನವಾಗಿ ಉಜ್ಜು. ಎರಡು ವಾರದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ತೋರಿಸು. ಮನೆಯಲ್ಲಿ ಎಂಟು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ತಾತನಿಗೆ ಕೊಟ್ಟ ಈ ಬಗೆಯ ಔಷಧಿ, ದಾರವಾಗಲಿ ಮಾತ್ರೆಯಾಗಲಿ, ಅವರ ಬಳಿ ಸುಳಿಯದಿರಲಿ. ಟೆಟ್ರಾಸೈಕ್ಲಿನ್ ಬೆಳೆಯುತ್ತಿರುವ ಹಲ್ಲಿನ ಸುಣ್ಣದ ಜೊತೆ ಸೇರಿಕೊಂಡು, ಒಳಗಿನಿಂದಲೇ ಹಳದಿ, ಆಮೇಲೆ ಕಂದು ಬಣ್ಣ ಹಿಡಿಸುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಸುರಿಯರಿಗೂ ಇದು ಕೂಡದು.

ಮುಂದಿನ ತಪಾಸಣೆಗೆ ತಾತನ ಜೊತೆ ನೀನೂ ಹೋಗು. ಕಡ್ಡಿ ಇಟ್ಟು ಅಳೆಯುವಾಗ ಡಾಕ್ಟರು ಅಂಕಿಗಳನ್ನು ಗಟ್ಟಿಯಾಗಿ ಹೇಳಿ ಪಕ್ಕದವರಿಂದ ಬರೆಸುತ್ತಾರೆ. ಆ ಎರಡು ಹಲ್ಲಿನ ಹನ್ನೆರಡು ಅಂಕಿಗಳನ್ನು ನಿನ್ನ ನೋಟ್‌ಬುಕ್ಕಿನಲ್ಲೂ ಬರೆದುಕೋ, ಮೊದಲು ಎಷ್ಟಿತ್ತು ಎಂದು ಅವರನ್ನೇ ಕೇಳಿ ಪಕ್ಕದಲ್ಲಿ ಬರೆ. ಆಮೇಲೆ ನನಗೊಂದು ಕಾರ್ಡು ಹಾಕು.